ತೆಪ್ಪ ಹೊರಟುಹೋಯಿತು, ನೀರು ಸಿಮೆಂಟಾಯಿತು, ಬಣ್ಣ ರಾಡಿಯಾಯಿತು: ಹೊಳೆದಂಡೆಯಲ್ಲಿ ತೈಲವರ್ಣ

ಪ್ರಶ್ನೆ: ನಾನು ಮಂಡ್ಯದವನು. ಐದಾರು ವರ್ಷದಿಂದ ಮನೆಯಲ್ಲೇ ಫೋಟೊ ನೋಡಿಕೊಂಡು ತೈಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಈಚೆಗೆ ಎರಡು ಭಾನುವಾರ ಶ್ರೀರಂಗಪಟ್ಟಣದ ಸ್ನಾನಘಟ್ಟಕ್ಕೆ ಹೋಗಿ 16×20 ಇಂಚಿನ ಕ್ಯಾನ್ವಾಸ್ ಇಟ್ಟುಕೊಂಡು ಕೂತೆ. ಬಟ್ಟೆ ಒಗೆಯುವವರು, ಸ್ನಾನಕ್ಕೆ ಇಳಿದವರು, ತೆಪ್ಪದವರು, ತರ್ಪಣಕ್ಕೆ ಬಂದವರು, ಎಲ್ಲ ಗಿಜಿಗಿಜಿ. ತೆಪ್ಪ ಅರ್ಧ ಬರೆಯುವಷ್ಟರಲ್ಲಿ ಅದು ಹೊರಟೇಹೋಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಬಣ್ಣವೆಲ್ಲ ರಾಡಿ. ನೀರು ನೀಲಿ ಸಿಮೆಂಟ್ ನೆಲದ ಹಾಗೆ ಕಾಣುತ್ತದೆ. ಮನೆಗೆ ತಂದು ನೋಡಿದರೆ ಇಡೀ ಚಿತ್ರ ಕಪ್ಪು. ಎಲ್ಲಿ ತಪ್ಪುತ್ತಿದ್ದೇನೆ? ಮುಂದೆ ಮಲ್ಪೆ ಬಂದರಿನಲ್ಲೂ ಬರೆಯಬೇಕೆಂಬ ಆಸೆಯಿದೆ.

ಉತ್ತರ: ನೀವು ಹೇಳಿದ ನಾಲ್ಕು ದೂರಿಗೆ ಬೇರೆ ಬೇರೆ ಮದ್ದು ಹುಡುಕಬೇಡಿ, ಬೇರು ಒಂದೇ ಇದೆ. ನೀವು ತೆಪ್ಪದಿಂದ ಶುರು ಮಾಡಿದ್ದೀರಿ. ಹೊಳೆದಂಡೆಯಲ್ಲಿ ಮೊದಲು ಹೊರಟುಹೋಗುವ ವಸ್ತು ಅದೇ. ಅದರ ಹಿಂದೆ ಬಿದ್ದಾಗ ನೆರಳು-ಬೆಳಕಿನ ಒಟ್ಟು ಹಂಚಿಕೆ ಕೈತಪ್ಪಿತು. ಅದನ್ನು ಸರಿಮಾಡಲು ಹಸಿ ಬಣ್ಣದ ಮೇಲೆ ಹಸಿ ಬಣ್ಣ ಬಿತ್ತು. ಅಷ್ಟರಲ್ಲಿ ಬಿಸಿಲು ಬೇರೆಯಾಗಿತ್ತು. ಫೋಟೊ ಕಾಯುತ್ತದೆ, ಹೊಳೆ ಕಾಯುವುದಿಲ್ಲ. ಹಾಗಾಗಿ ಹೊರಗೆ ಬರೆಯುವಾಗ ಕೆಲಸದ ಕ್ರಮವೇ ಬೇರೆ.

ಮೊದಲು ಕ್ಯಾನ್ವಾಸಿನ ಅಳತೆ. 16×20 ಎಂದರೆ 320 ಚದರ ಇಂಚು. ಒಂದೇ ಬೆಳಕಿನಲ್ಲಿ ನಿಮಗೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಅಷ್ಟರಲ್ಲಿ ಅಷ್ಟು ಜಾಗ ಮುಚ್ಚುವುದಕ್ಕೆ ಕೈ ತುಂಬ ಪಳಗಿರಬೇಕು. 8×10 ಅದರ ನಾಲ್ಕನೇ ಒಂದು ಪಾಲು, 9×12 ಸುಮಾರು ಮೂರನೇ ಒಂದು. ಮೊದಲ ಹತ್ತು ಚಿತ್ರ 8×10ರಲ್ಲೇ ಆಗಲಿ. ಕ್ಯಾನ್ವಾಸಿಗಿಂತ ಹಲಗೆ ವಾಸಿ: ಹೊಳೆಗಾಳಿಗೆ ಪಟದ ಹಾಗೆ ಉಬ್ಬುವುದಿಲ್ಲ, ಹಿಂದಿನಿಂದ ಬಿಸಿಲು ತೂರಿಬಂದು ಕಣ್ಣಿಗೆ ಮೋಸ ಮಾಡುವುದಿಲ್ಲ. ಪ್ಲೈವುಡ್ ಅಂಗಡಿಯಲ್ಲಿ 3 ಅಥವಾ 4 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಿಕೊಡುತ್ತಾರೆ. ಎರಡೂ ಮುಖಕ್ಕೆ, ಮುಖ್ಯವಾಗಿ ಅಂಚುಗಳಿಗೆ, ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ) ಹಚ್ಚಿ. ಅಂಚು ಬಿಟ್ಟರೆ ನೀರು ಕುಡಿದು ಊದಿಕೊಳ್ಳುತ್ತದೆ. ಮುಂಭಾಗಕ್ಕೆ ಮೂರು ಕೋಟ್ ಕೊಡಿ, ನಡುವೆ ಒಂದು ಸಲ ಸಣ್ಣ ಮರಳುಕಾಗದ ಆಡಿಸಿ. ಕೊನೆಗೆ ಬರ್ಂಟ್ ಸಿಯೆನಾ ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಕಲಸಿ ಬಟ್ಟೆಯಲ್ಲಿ ಒರೆಸಿದಂತೆ ಹಚ್ಚಿ, ಎರಡು ದಿನ ಒಣಗಲು ಬಿಡಿ. ಬಿಳಿ ಹಲಗೆಯ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಾಗಿ ಕಾಣುತ್ತದೆ, ಕೈ ಹೆದರಿ ಬಿಳಿ ಬೆರೆಸುತ್ತ ಹೋಗುತ್ತದೆ. ಇಟ್ಟಿಗೆಯ ಕಂದು ನೆಲ ಈ ಗೊಂದಲ ತಪ್ಪಿಸುತ್ತದೆ. ಹೊಳೆಯ ಹಸಿರಿನ ನಡುವೆ ಅಲ್ಲಲ್ಲಿ ಇಣುಕಿದರೂ ಅಂದವೇ.

ಜಾಗ ಮತ್ತು ಹೊತ್ತು. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ನಿಮ್ಮ ಹೊತ್ತು. ಜನವರಿಯಲ್ಲಿ ಎಂಟೂಕಾಲರ ಸುಮಾರಿಗೆ ಸೂರ್ಯ ದಿಗಂತದಿಂದ 20 ಡಿಗ್ರಿ ಮೇಲಿರುತ್ತಾನೆ, ಒಂದೂವರೆ ಗಂಟೆಯಲ್ಲಿ 38 ಡಿಗ್ರಿಯ ಹತ್ತಿರ ಏರುತ್ತಾನೆ. ನಾಲ್ಕು ಅಡಿ ಎತ್ತರದ ಕಲ್ಲಿನ ನೆರಳು ಆರಂಭದಲ್ಲಿ ಹನ್ನೊಂದು ಅಡಿ ಇದ್ದದ್ದು ಅಷ್ಟರಲ್ಲಿ ಐದಡಿಗೆ ಇಳಿದಿರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ಮೂರನೇ ವಾರದಲ್ಲೂ ನಮ್ಮ ಕಡೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಮೆಟ್ಟಿಲುಗಳಿಗೆ ನೆರಳೇ ಇಲ್ಲ, ಘಟ್ಟವೆಲ್ಲ ಚಪ್ಪಟೆ. ಹನ್ನೊಂದರವರೆಗೆ ಕೂತು ನೀವು ಒಂದೇ ಹಲಗೆಯ ಮೇಲೆ ಎರಡು ಬೇರೆ ಹೊತ್ತುಗಳನ್ನು ಬರೆದಿದ್ದೀರಿ. ಚಳಿಗಾಲದಲ್ಲಿ ಮಂಜಿನ ತಕರಾರೂ ಇದೆ. ಹೊಳೆಯ ಮೇಲಿನ ಮಂಜು ಕರಗಿದರೆ ಹತ್ತೇ ನಿಮಿಷದಲ್ಲಿ ಚಿತ್ರ ಬದಲಾಗುತ್ತದೆ. ಮಂಜಿನದೋ ಬಿಸಿಲಿನದೋ, ಮೊದಲೇ ತೀರ್ಮಾನಿಸಿ. ಮಂಜಿನದಾದರೆ ಎರಡೇ ಗಾತ್ರದ ಬ್ರಷ್, ಬಣ್ಣ ಕಡಿಮೆ, ಮುಕ್ಕಾಲು ಗಂಟೆಯ ಕೆಲಸ.

ಭಾನುವಾರದ ಬದಲು ವಾರದ ದಿನ ಹೋಗಿ. ಅಮಾವಾಸ್ಯೆಗಳಲ್ಲಿ, ಅದರಲ್ಲೂ ಮಹಾಲಯ ಅಮಾವಾಸ್ಯೆಯಲ್ಲಿ, ಕಾಲಿಡಲು ಜಾಗವಿರುವುದಿಲ್ಲ. ನೀವು ಅಲ್ಲಿ ಈಸೆಲ್ (ಹಲಗೆ ನಿಲ್ಲಿಸುವ ಸ್ಟ್ಯಾಂಡ್) ಹೂಡಿದರೆ ಬೇರೆಯವರಿಗೂ ತೊಂದರೆ. ಮೆಟ್ಟಿಲುಗಳಲ್ಲಿ ತೀರ ಕೆಳಗೂ ಬೇಡ, ತೀರ ಮೇಲೂ ಬೇಡ. ನಿಮ್ಮ ಕಣ್ಣು ನೀರಿನ ಮಟ್ಟದಿಂದ ಸುಮಾರು ಹತ್ತಡಿ ಮೇಲಿರುವ ಹಾಗೆ, ಓಡಾಟದ ದಾರಿ ಬಿಟ್ಟು, ಬೆನ್ನಿಗೆ ಗೋಡೆಯೋ ಮರವೋ ಇರುವ ಕಡೆ ಕೂರಿ. ಬೆನ್ನಿಗೆ ಆಸರೆಯಿದ್ದರೆ ಹಿಂದೆ ನಿಂತು ಇಣುಕುವವರೂ ಕಡಿಮೆ. ಹತ್ತಡಿ ಎಂದದ್ದಕ್ಕೆ ಲೆಕ್ಕವಿದೆ, ಮುಂದೆ ಬರುತ್ತದೆ.

ಚಿತ್ರ ಮನೆಯಲ್ಲಿ ಕಪ್ಪಾಗಿ ಕಂಡದ್ದೇಕೆ? ಹಲಗೆಯ ಮೇಲೆ ನೇರ ಬಿಸಿಲು ಬಿದ್ದಿತ್ತು. ಬಿಸಿಲಿನಲ್ಲಿ ಕಪ್ಪು ಬಣ್ಣವೂ ಹೊಳೆಯುತ್ತದೆ. ಕಣ್ಣು ‘ಇನ್ನೂ ಕಪ್ಪು ಬೇಕು’ ಎನ್ನುತ್ತದೆ, ಕೈ ಹಾಕುತ್ತ ಹೋಗುತ್ತದೆ. ಮನೆಯ ಟ್ಯೂಬ್‌ಲೈಟ್ ಕೆಳಗೆ ನಿಜ ಬಯಲಾಗುತ್ತದೆ. ಹಲಗೆ ಮತ್ತು ಪ್ಯಾಲೆಟ್ (ಬಣ್ಣ ಕಲಸುವ ತಟ್ಟೆ) ಎರಡೂ ಒಂದೇ ನೆರಳಿನಲ್ಲಿರಬೇಕು. ಹಲಗೆ ನೆರಳಲ್ಲಿ, ಪ್ಯಾಲೆಟ್ ಬಿಸಿಲಲ್ಲಿ ಇದ್ದರಂತೂ ಕಲಸಿದ್ದೊಂದು, ಹಚ್ಚಿದ್ದೊಂದು. ಕೊಡೆ ಒಯ್ಯುವುದಾದರೆ ಕಪ್ಪು, ಬೂದು ಅಥವಾ ಬಿಳಿಯದು. ಕೆಂಪು ನೀಲಿ ಕೊಡೆ ಇಡೀ ಹಲಗೆಗೆ ತನ್ನ ಬಣ್ಣ ಬಳಿಯುತ್ತದೆ. ಬಿಳಿ ಅಂಗಿ ತೊಟ್ಟು ಕೂರಬೇಡಿ, ಹಸಿ ಎಣ್ಣೆಬಣ್ಣದ ಮೇಲೆ ಅದರ ಹೊಳಪು ಬಿದ್ದು ಕಪ್ಪು ಜಾಗಗಳು ಮಂಕಾಗಿ ಕಾಣುತ್ತವೆ. ಬೂದು ಅಂಗಿ ಸಾಕು. ತಂಪು ಕನ್ನಡಕ ತೆಗೆದಿಡಿ, ಅದರಲ್ಲೂ ಪೋಲರಾಯ್ಡ್ ಗಾಜಿನದಾಗಿದ್ದರೆ. ನೀರಿನ ಮೇಲಿನ ಹೊಳಪನ್ನು ಅಳಿಸುವುದೇ ಅದರ ಕೆಲಸ. ನೀವು ಬರೆಯಲು ಬಂದದ್ದೇ ಆ ಹೊಳಪನ್ನು.

ಬಣ್ಣಗಳು ಏಳು ಸಾಕು: ಟೈಟಾನಿಯಂ ವೈಟ್, ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ವರ್ಮಿಲಿಯನ್, ಕ್ರಿಮ್ಸನ್, ಬರ್ಂಟ್ ಸಿಯೆನಾ, ಅಲ್ಟ್ರಾಮರೀನ್. ಕಪ್ಪು ಟ್ಯೂಬ್ ಮನೆಯಲ್ಲಿರಲಿ, ಅಲ್ಟ್ರಾಮರೀನಿಗೆ ಬರ್ಂಟ್ ಸಿಯೆನಾ ಬೆರೆಸಿದರೆ ಅದಕ್ಕಿಂತ ಜೀವಂತ ಕಪ್ಪು ಸಿಗುತ್ತದೆ. ನೀಲಿ ಹೆಚ್ಚಾದರೆ ತಣ್ಣಗೆ, ಕಂದು ಹೆಚ್ಚಾದರೆ ಬೆಚ್ಚಗೆ. ಬಿಳಿಯನ್ನು ಮಿಕ್ಕವುಗಳ ಮೂರು ಪಟ್ಟು ಹಿಂಡಿಕೊಳ್ಳಿ. ಜುಗ್ಗತನ ಮಾಡಿ ಬಟಾಣಿಯಷ್ಟು ಹಿಂಡಿದರೆ ಬಣ್ಣ ತೆಳುವಾಗಿ, ಟರ್ಪೆಂಟೈನ್ ಜಾಸ್ತಿಯಾಗಿ, ನೀವು ಹೇಳಿದ ರಾಡಿಗೆ ದಾರಿಯಾಗುತ್ತದೆ. ಬ್ರಷ್ಷು ಹಂದಿಕೂದಲಿನ ಚಪ್ಪಟೆಯವು: 8, 6, 4, 2 ನಂಬರಿನವು, ದೊಡ್ಡವು ಎರಡೆರಡು. ಮೃದು ಕೂದಲಿನ ಅಗಲದ ಬ್ರಷ್ ಒಂದು ನೀರಿಗೆ, ಉದ್ದ ತೆಳುಕೂದಲಿನದೊಂದು ಹಗ್ಗ ಮತ್ತು ಜೊಂಡಿಗೆ. ಒಂದು ಪ್ಯಾಲೆಟ್ ಚಾಕು. ಹಳೆ ಬನಿಯನ್ ಬಟ್ಟೆ ಧಾರಾಳವಾಗಿರಲಿ, ನಿಜವಾಗಿ ಬ್ರಷ್ ಶುಚಿಯಾಗುವುದು ಬಟ್ಟೆಯಲ್ಲೇ.

ಈಗ ಕ್ರಮ. ಕೂತ ಕೂಡಲೇ ಬಣ್ಣ ಮುಟ್ಟಬೇಡಿ. ಹತ್ತು ನಿಮಿಷ ಸುಮ್ಮನೆ ನೋಡಿ: ಯಾವುದು ಹೋಗುತ್ತದೆ, ಯಾವುದು ಮತ್ತೆ ಬರುತ್ತದೆ, ಯಾವುದು ಅಲ್ಲೇ ಇರುತ್ತದೆ. ಆಮೇಲೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬೆಂಕಿಪೊಟ್ಟಣದ ಗಾತ್ರದ ಮೂರು ಸ್ಕೆಚ್, ತಲಾ ಮೂರು ನಿಮಿಷ. ಅದರಲ್ಲಿ ಮೂರೇ ಟೋನ್: ಕಪ್ಪು, ನಡುವಿನದು, ಕಾಗದದ ಬಿಳಿ. ಟೋನ್ ಎಂದರೆ ಬಣ್ಣ ಯಾವುದೇ ಇರಲಿ, ಅದು ಎಷ್ಟು ಗಾಢ ಎಷ್ಟು ತಿಳಿ ಎಂಬ ಲೆಕ್ಕ. ಕಣ್ಣು ಕಿರಿದು ಮಾಡಿ ನೋಡಿದರೆ ಎದುರು ದಂಡೆಯ ಹೊಂಗೆ, ಮತ್ತಿ ಮರಗಳೂ ಅವುಗಳ ಪ್ರತಿಬಿಂಬವೂ ಒಂದೇ ಗಾಢ ಪಟ್ಟಿಯಾಗಿ ಸೇರಿಕೊಳ್ಳುತ್ತವೆ. ಆ ಪಟ್ಟಿಯೇ ನಿಮ್ಮ ಚಿತ್ರದ ಬೆನ್ನೆಲುಬು. ಮೂರರಲ್ಲಿ ದೂರದಿಂದಲೂ ಓದಿಸಿಕೊಳ್ಳುವ ಒಂದನ್ನು ಆರಿಸಿ.

ಬರ್ಂಟ್ ಸಿಯೆನಾಗೆ ಸ್ವಲ್ಪ ಅಲ್ಟ್ರಾಮರೀನ್ ಬೆರೆಸಿ, ಟರ್ಪೆಂಟೈನಿನಲ್ಲಿ ಚಹಾದಷ್ಟು ತೆಳ್ಳಗೆ ಮಾಡಿ, ನೀರಿನಂಚು, ಮೆಟ್ಟಿಲಿನ ಓರೆ, ಸೇತುವೆಯ ಸಾಲು, ಇಷ್ಟನ್ನೇ ಗುರುತಿಸಿ. ಹಿನ್ನೆಲೆಗೆ ವೆಲ್ಲೆಸ್ಲಿ ಸೇತುವೆ ಸಿಗುವ ಕೋನ ಹಿಡಿದಿದ್ದರೆ ಒಂದು ಎಚ್ಚರ. ಹಳೆ ಸೇತುವೆ ಎಂದೊಡನೆ ಕೈ ತಾನಾಗಿ ಕಮಾನು ಬರೆಯುತ್ತದೆ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ ಈ ಸೇತುವೆಯಲ್ಲಿ ಕಮಾನಿಲ್ಲ, ಕಲ್ಲುಕಂಬಗಳ ಮೇಲೆ ಕಲ್ಲುತೊಲೆ ಹೊದಿಸಿದ್ದಾರೆ. ಕಂಬಕಂಬದ ನಡುವಿನ ಕಪ್ಪು ಸಂದಿಗಳನ್ನು ಬರೆಯಿರಿ, ಕಂಬಗಳು ತಾವೇ ಮೂಡುತ್ತವೆ. ಒಂದೊಂದು ಕಂಬವನ್ನೂ ಎಣಿಸಿ ಬರೆದರೆ ಬಾಚಣಿಗೆಯಾಗುತ್ತದೆ.

ಮುಂದಿನ ಇಪ್ಪತ್ತು ನಿಮಿಷ ಎಲ್ಲ ನೆರಳುಗಳಿಗೆ, ತೆಳ್ಳಗೆ, ಬಿಳಿ ಬೆರೆಸದೆ. ಮೆಟ್ಟಿಲ ನೆರಳು ಎಲ್ಲಿ ಬಿದ್ದಿದೆಯೋ ಅಲ್ಲೇ ಬೀಗ ಹಾಕಿಬಿಡಿ. ಗಂಟೆಯ ಮೇಲೆ ನೆರಳು ಸರಿದು ಇನ್ನೂ ಚೆಂದವಾಗಿ ಕಂಡೀತು, ನೋಡಬೇಡಿ. ಆಮೇಲೆ ನಡುವಿನ ಟೋನ್‌ಗಳು: ಬಿಸಿಲು ಬಿದ್ದ ಕಲ್ಲು, ಮರದ ತಿಳಿ ಭಾಗ, ಆಕಾಶ, ನೀರು. ದಪ್ಪ ಬಣ್ಣ ಮತ್ತು ತಿಳಿ ಬಣ್ಣ ಕೊನೆಗೆ. ತೆಳುವಿನ ಮೇಲೆ ದಪ್ಪ, ಎಣ್ಣೆ ಕಡಿಮೆ ಇರುವುದರ ಮೇಲೆ ಎಣ್ಣೆ ಹೆಚ್ಚಿರುವುದು. ಇದನ್ನು ತಲೆಕೆಳಗು ಮಾಡಿದರೆ ಹಸಿ ತಳದ ಮೇಲೆ ಒಣ ಪದರ ಕೂತು ಮುಂದೆ ಬಿರುಕು ಬಿಡುತ್ತದೆ. ಒಂದೇ ಕೂರಿಕೆಯ ಚಿತ್ರಕ್ಕೆ ಲಿನ್ಸೀಡ್ (ಅಗಸೆ) ಎಣ್ಣೆ ಬೇಕೇ ಆಗುವುದಿಲ್ಲ, ಟ್ಯೂಬಿನಲ್ಲಿರುವ ಎಣ್ಣೆ ಸಾಕು.

ಇಷ್ಟೆಲ್ಲ ಆಗುವ ತನಕ ತೆಪ್ಪವೂ ಇಲ್ಲ, ಜನವೂ ಇಲ್ಲ. ಖಾಲಿ ಘಟ್ಟ ಮಾತ್ರ. ಎಂಟೂಮುಕ್ಕಾಲಿಗೆ ರಂಗ ಸಿದ್ಧವಾಗಿರಬೇಕು, ಪಾತ್ರಧಾರಿಗಳು ಆಮೇಲೆ.

ತೆಪ್ಪದ ವಿಷಯಕ್ಕೆ ಬರೋಣ. ಅದು ಹೋದರೆ ಹೋಗಲಿ, ದಾಟಿಸುವ ತೆಪ್ಪ ಆಚೆ ಮುಟ್ಟಿ ಮತ್ತೆ ಬರುತ್ತದೆ, ಇಲ್ಲವೇ ಅದರಂಥದೇ ಇನ್ನೊಂದು ಬರುತ್ತದೆ. ಮೀನಿನವರ ತೆಪ್ಪವೂ ಬಲೆ ಬಿಟ್ಟ ಕಡೆಗೇ ತಿರುಗಿ ಬರುತ್ತದೆ. ಪ್ರತಿ ಸಲ ಬಂದಾಗ ಒಂದೇ ವಿಷಯ ನೋಡಿ: ಒಮ್ಮೆ ಆಕಾರ, ಒಮ್ಮೆ ನೀರಿನಲ್ಲಿ ಎಷ್ಟು ಮುಳುಗಿದೆ, ಒಮ್ಮೆ ಹುಟ್ಟು ಹಾಕುವವನ ಬೆನ್ನಿನ ಬಾಗು. ತೆಪ್ಪ ದುಂಡಗಿದೆ ಎಂದು ನಮಗೆ ಗೊತ್ತಿರುವುದರಿಂದಲೇ ಎಲ್ಲರೂ ಅದನ್ನು ಅಗತ್ಯಕ್ಕಿಂತ ದುಂಡಗೆ ಬರೆಯುತ್ತಾರೆ. ಆಗ ಅದು ನೀರಿನ ಮೇಲೆ ಕೂರುವ ಬದಲು ಗೋಡೆಗೆ ತೂಗುಹಾಕಿದ ಮೊರದಂತೆ ಕಾಣುತ್ತದೆ. ಕಣ್ಣು ನೀರಿಗಿಂತ ಹತ್ತಡಿ ಮೇಲಿದ್ದು ತೆಪ್ಪ ಇಪ್ಪತ್ತಡಿ ದೂರದಲ್ಲಿದ್ದರೆ, ಅದರ ಬಾಯಿ ಹತ್ತು ಭಾಗ ಅಗಲಕ್ಕೆ ನಾಲ್ಕೂವರೆ ಭಾಗ ಎತ್ತರ ಕಾಣುತ್ತದೆ. ಅದೇ ತೆಪ್ಪ ಅರವತ್ತಡಿ ದೂರ ಹೋದರೆ ಎತ್ತರ ಒಂದೂವರೆ ಭಾಗವಷ್ಟೇ, ಹೆಚ್ಚುಕಮ್ಮಿ ಒಂದು ಗೀಟು. ಕೊನೆಯ ಮೆಟ್ಟಿಲಲ್ಲಿ ಕೂತು ಕಣ್ಣು ನಾಲ್ಕಡಿ ಎತ್ತರದಲ್ಲಿದ್ದರೆ ಅರವತ್ತಡಿ ದೂರದಲ್ಲಿ ಒಂದು ಭಾಗವೂ ಇಲ್ಲ. ಹತ್ತಡಿ ಎತ್ತರ ಎಂದದ್ದು ಇದಕ್ಕೇ. ಅಲ್ಲಿಂದ ಹತ್ತಿರದ ತೆಪ್ಪದ ಒಳಗೂ ಕಾಣುತ್ತದೆ, ದೂರದ ತೆಪ್ಪ ಗೀಟಾಗುವುದೂ ಕಾಣುತ್ತದೆ. ಆ ವ್ಯತ್ಯಾಸದಿಂದಲೇ ಹೊಳೆ ಅಗಲವಾಗುವುದು.

ಇನ್ನೊಂದು ಸಂಗತಿ: ತೆಪ್ಪದ ದುಂಡು ಯಾವಾಗಲೂ ಅಡ್ಡಕ್ಕೆ ಮಲಗಿರುತ್ತದೆ, ಓರೆಯಾಗುವುದಿಲ್ಲ. ಒಂದೇ ಕಡೆ ಭಾರ ಬಿದ್ದು ವಾಲಿದ್ದರೆ ಮಾತ್ರ ಬೇರೆ. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಡಾಂಬರು ಬಳಿದದ್ದು ಕಪ್ಪೆಂದು ಕಪ್ಪು ಹಚ್ಚಬೇಡಿ. ದಂಡೆಯ ಮೇಲೆ ಬೋರಲು ಹಾಕಿದ ತೆಪ್ಪದ ಬೆನ್ನು ಆಕಾಶಕ್ಕೆ ಮುಖ ಮಾಡಿರುತ್ತದೆ, ಬೆಳಗಿನಲ್ಲಿ ಅದು ನೀಲಿ ಬೂದು. ನಿಜವಾದ ಕಪ್ಪು ಇರುವುದು ಅಂಚಿನ ಕೆಳಗೆ, ನೆಲಕ್ಕೆ ತಾಗುವ ಒಂದು ಗೀಟಿನಲ್ಲಿ. ಒಳಗಿನ ಬಿದಿರನ್ನು ಹೆಣೆಯುತ್ತ ಕೂರಬೇಡಿ. ಓಕರ್‌ಗೆ ಸಿಯೆನಾ ಬೆರೆಸಿ ಒಳಮೈಯನ್ನು ಒಂದೇ ಟೋನಿನಲ್ಲಿ ತುಂಬಿ, ಬ್ರಷ್ಷಿನ ಹಿಂತುದಿಯಿಂದ ನಾಲ್ಕು ಸಲ ಗೀರಿದರೆ ಕೆಳಗಿನ ಕಂದು ನೆಲ ಕಾಣಿಸಿಕೊಂಡು ಹೆಣಿಗೆಯಾಗುತ್ತದೆ.

ಜನರ ಅಳತೆಗೆ ಕಣ್ಣಂದಾಜು ಸಾಲದು, ಲೆಕ್ಕ ಬೇಕು. ನಿಮ್ಮ ಕಣ್ಣಿನ ಮಟ್ಟದ ಅಡ್ಡಗೀಟನ್ನು ಹಲಗೆಯ ಮೇಲೆ ಮೊದಲೇ ಎಳೆದಿರಿ. ಕಣ್ಣು ನೀರಿಗಿಂತ ಹತ್ತಡಿ ಮೇಲಿದೆ, ನೀರಂಚಿನಲ್ಲಿ ನಿಂತವರ ಎತ್ತರ ಐದೂವರೆ ಅಡಿ. ಅಂದರೆ ಅವರ ಪಾದದಿಂದ ಆ ಗೀಟಿನವರೆಗಿನ ಅಂತರದ ಅರ್ಧಕ್ಕಿಂತ ತುಸು ಹೆಚ್ಚು. ಈ ದಂಡೆಯವರಾಗಲಿ, ಆಚೆ ದಂಡೆಯವರಾಗಲಿ, ಈ ಲೆಕ್ಕ ಬದಲಾಗದು. ಪಾದ ಎಲ್ಲಿ ಎಂದು ಚುಕ್ಕಿ ಇಡಿ, ಗೀಟಿನವರೆಗೆ ಅಳೆಯಿರಿ, ಅರ್ಧಕ್ಕಿಂತ ಸ್ವಲ್ಪ ಮೇಲೆ ತಲೆ. ಘಟ್ಟದ ಚಿತ್ರಗಳಲ್ಲಿ ಹಿಂದಿನವರು ರಾಕ್ಷಸರಂತೆಯೂ ಮುಂದಿನವರು ಮಕ್ಕಳಂತೆಯೂ ಕಾಣುವುದು ಈ ಅಳತೆ ತಪ್ಪುವುದರಿಂದ. ಮೇಲಿನ ಮೆಟ್ಟಿಲಲ್ಲಿ ನಿಂತವರಿಗೆ ಲೆಕ್ಕ ಬೇರೆ. ಅವರ ಪಾದ ಎಷ್ಟು ಮೇಲಿದೆಯೋ ಅಷ್ಟು ಕಳೆದು ನೋಡಿ.

ತಲೆಯನ್ನು ಚಿಕ್ಕದಾಗಿ ಇಡಿ. ಹೊಸಬರೆಲ್ಲ ತಲೆಯನ್ನು ತೆಂಗಿನಕಾಯಿ ಮಾಡುತ್ತಾರೆ. ನಿಂತವರ ಎತ್ತರದ ಏಳರಲ್ಲೊಂದು ಪಾಲು ಸಾಕು. ಒಂದು ಆಕೃತಿಗೆ ನಾಲ್ಕೈದು ಬ್ರಷ್ ಏಟು: ಮುಂಡ, ಬಿಸಿಲು ಬಿದ್ದ ಹೆಗಲು, ತಲೆ, ಭಾರ ಹೊತ್ತ ಕಾಲು. ಪಾದ ಬರೆಯಬೇಡಿ, ನೀರಿಗೋ ಕಲ್ಲಿಗೋ ಕರಗಿಬಿಡಲಿ. ಬಟ್ಟೆ ಒಗೆಯುವವರ ಚಲನೆ ಎರಡು ಸೆಕೆಂಡಿಗೊಮ್ಮೆ ಮರಳುತ್ತದೆ. ಬಟ್ಟೆ ಮೇಲೆತ್ತಿದ ತುದಿಯಲ್ಲಿ ದೇಹ ಅರೆಗಳಿಗೆ ನಿಲ್ಲುತ್ತದೆ, ಹಿಡಿಯಬೇಕಾದದ್ದು ಆ ಭಂಗಿ. ಕಲ್ಲಿಗೆ ಬಡಿದ ಕ್ಷಣ ಬರೆದರೆ ಬರೀ ಬಗ್ಗಿ ನಿಂತಂತಾಗುತ್ತದೆ. ಇಡೀ ಚಿತ್ರಕ್ಕೆ ಏಳೆಂಟು ಜನ ಸಾಕು, ಅವರಲ್ಲಿ ಇಬ್ಬರು ಮೂವರು ಒಬ್ಬರಿಗೊಬ್ಬರು ಅಂಟಿ ಒಂದೇ ಆಕಾರವಾಗಲಿ. ಗಿಜಿಗಿಜಿ ಎನಿಸುವುದು ಗುಂಪು ಮತ್ತು ಖಾಲಿ ಜಾಗದ ಅಂತರದಿಂದ. ಸಮನಾಗಿ ಹರಡಿದ ಮೂವತ್ತು ಜನ ಕವಾಯತಿಗೆ ನಿಂತಂತೆ ಕಾಣುತ್ತಾರೆ.

ಇನ್ನು ನೀರು. ಸಿಮೆಂಟ್ ನೆಲವಾಗಲು ಕಾರಣ, ನೀವು ನೀರಿಗೆ ಒಂದು ಬಣ್ಣ ಕಲಸಿದ್ದೀರಿ. ನೀರಿಗೆ ಮೂರು ಬಣ್ಣ ಬೇಕು, ಅದು ನೋಟದ ಓರೆಯಿಂದ ಬರುತ್ತದೆ. ನೇರ ಕೆಳಗೆ ನೋಡಿದಾಗ ನೀರಿನ ಮೈ ಬೆಳಕಿನ ನೂರರಲ್ಲಿ ಎರಡು ಪಾಲನ್ನಷ್ಟೇ ಹಿಂದಿರುಗಿಸುತ್ತದೆ, ಹಾಗಾಗಿ ಹತ್ತಿರದಲ್ಲಿ ತಳದ ಕಲ್ಲು, ಪಾಚಿ ಕಾಣುತ್ತವೆ. ನೋಟ ಓರೆಯಾಗಿ ನೀರಿನ ಮೈಗೆ ಹತ್ತು ಡಿಗ್ರಿಯಷ್ಟೇ ಕೋನದಲ್ಲಿದ್ದಾಗ ಸುಮಾರು ಮೂರನೇ ಒಂದು ಪಾಲು ಬೆಳಕು ಹಿಂದಿರುಗುತ್ತದೆ, ಅಲ್ಲಿಂದಾಚೆ ನೀರು ಕನ್ನಡಿ. ನಿಮ್ಮ ಕಾಲ ಬಳಿ ಓಕರ್, ಸಿಯೆನಾ, ಸ್ವಲ್ಪ ಅಲ್ಟ್ರಾಮರೀನ್ ಸೇರಿದ ಕಂದುಹಸಿರು. ನಡುವೆ ಆಕಾಶದ ತಿಳಿ ಬಣ್ಣ, ಆಕಾಶಕ್ಕಿಂತ ಒಂದು ಹಂತ ಗಾಢ. ಎದುರು ದಂಡೆಯ ಬುಡದಲ್ಲಿ ಮರಗಳ ಗಾಢ ಪ್ರತಿಬಿಂಬ. ನೀಲಿ ಎಷ್ಟು ಕಡಿಮೆ ಬಳಸುತ್ತೀರೋ ಅಷ್ಟು ಕಾವೇರಿಯಾಗುತ್ತದೆ.

ಪ್ರತಿಬಿಂಬಕ್ಕೆ ನಾಲ್ಕು ಮಾತು. ಒಂದು, ಗಾಢ ವಸ್ತುವಿನ ಬಿಂಬ ವಸ್ತುವಿಗಿಂತ ತುಸು ತಿಳಿ, ತಿಳಿ ವಸ್ತುವಿನ ಬಿಂಬ ತುಸು ಗಾಢ. ಬಿಳಿ ಪಂಚೆಯ ಬಿಂಬಕ್ಕೆ ಬಿಳಿ ಹಚ್ಚಿದರೆ ನೀರು ಸತ್ತಂತೆ. ಎರಡು, ಬಿಂಬ ಯಾವಾಗಲೂ ವಸ್ತುವಿನ ನೇರ ಕೆಳಗೇ ಬೀಳುತ್ತದೆ, ನಿಮ್ಮ ಕಡೆಗೇ ಬರುತ್ತದೆ. ಸೂರ್ಯನಿಗೆ ಎದುರು ದಿಕ್ಕಿಗೆ ವಾಲುವುದು ನೆರಳು. ಇವೆರಡನ್ನೂ ಕಲಸುವುದು ಸಾಮಾನ್ಯ ತಪ್ಪು. ತಿಳಿನೀರಿನ ಮೇಲೆ ನೆರಳು ಬಹುಮಟ್ಟಿಗೆ ಕಾಣುವುದೇ ಇಲ್ಲ. ಮಳೆಗಾಲದ ಕೆಂಪು ಹೊಳೆಯಲ್ಲಿ ಮಣ್ಣಿನ ಕಣಗಳ ಮೇಲೆ ನೆರಳು ಚೆನ್ನಾಗಿ ಬೀಳುತ್ತದೆ, ಪ್ರತಿಬಿಂಬ ಮಂಕಾಗುತ್ತದೆ. ಆ ಕಾಲದ ಚಿತ್ರಕ್ಕೆ ಲೆಕ್ಕ ತಿರುಗುಮುರುಗು. ಮೂರು, ಬಿಂಬ ನಿಮಗೆ ಕಾಣದ ಕೆಳಭಾಗವನ್ನು ತೋರಿಸುತ್ತದೆ: ಸೇತುವೆಯ ತೊಲೆಗಳ ಅಡಿ, ತೆಪ್ಪದ ಅಂಚಿನ ಒಳನೆರಳು. ಮೇಲಿನ ಚಿತ್ರವನ್ನೇ ಮಗುಚಿ ಹಾಕಿದರೆ ಸುಳ್ಳಾಗುತ್ತದೆ. ನಾಲ್ಕು, ಅಲೆ ಎದ್ದಾಗ ಬಿಂಬ ಉದ್ದವಾಗುತ್ತದೆ. ಪುಟ್ಟ ಅಲೆಯೊಂದೊಂದೂ ತನ್ನ ಇಳಿಜಾರಿನಲ್ಲಿ ಬೇರೆ ಎತ್ತರದ ತುಣುಕು ಹಿಡಿಯುವುದರಿಂದ ಕಂಬದ ಬಿಂಬ ಕಂಬಕ್ಕಿಂತ ಕೆಳಗೆ ಇಳಿದುಬರುತ್ತದೆ.

ಬ್ರಷ್ ಆಡಿಸುವ ಕ್ರಮ: ಬಿಂಬದ ಬಣ್ಣಗಳನ್ನು ಮೇಲಿಂದ ಕೆಳಗೆ ಲಂಬವಾಗಿ ಹಚ್ಚಿ. ಮೃದು ಬ್ರಷ್ಷಿಂದ ಒಮ್ಮೆ ಮಾತ್ರ ಕೆಳಕ್ಕೆಳೆದು ಅಂಚು ಕರಗಿಸಿ. ಆಮೇಲೆ ಅಡ್ಡ ಏಟುಗಳು, ಕೈಬೆರಳಿನಲ್ಲಿ ಎಣಿಸುವಷ್ಟು. ಹತ್ತಿರದಲ್ಲಿ ಅಗಲ, ದೂರ ಹೋದಂತೆ ಕಿರಿದು, ಕಟ್ಟುನಿಟ್ಟಾಗಿ ಅಡ್ಡಕ್ಕೆ. ಅಡ್ಡಗೀಟು ಅರ್ಧ ಡಿಗ್ರಿ ಓರೆಯಾದರೂ ಹೊಳೆ ಇಳಿಜಾರಾಗುತ್ತದೆ. ಬೆಳಕಿನ ಮಿಂಚನ್ನು ಚಾಕುವಿನ ಅಂಚಿನಿಂದ ಕೊನೆಯಲ್ಲಿ ಇಡಿ. ಮೂರು ಕಡೆ ಸಾಕು.

ರಾಡಿಯ ವಿಷಯ ಅಲ್ಲಲ್ಲಿ ಬಂದೇಬಂತು. ಉಳಿದದ್ದು ಇಷ್ಟು: ಗಾಢ ಬಣ್ಣದ ಬ್ರಷ್ ಬೇರೆ, ತಿಳಿಯದು ಬೇರೆ. ಒಂದು ಕಡೆ ಮೂರು ಸಲಕ್ಕಿಂತ ಹೆಚ್ಚು ಉಜ್ಜಬೇಡಿ. ಸರಿಯಿಲ್ಲದ ಜಾಗದ ಮೇಲೆ ಇನ್ನೊಂದು ಬಣ್ಣ ಹಾಕುವ ಬದಲು ಚಾಕುವಿನಿಂದ ಕೆರೆದು ತೆಗೆದು ಹೊಸದಾಗಿ ಹಚ್ಚಿ. ಒಂದು ಮಿಶ್ರಣದಲ್ಲಿ ಬಿಳಿ ಬಿಟ್ಟು ಎರಡು ಬಣ್ಣ, ಹೆಚ್ಚೆಂದರೆ ಮೂರು. ಟರ್ಪೆಂಟೈನ್ ಡಬ್ಬಿ ಕೆಸರಾದ ಮೇಲೆ ಅದರಲ್ಲಿ ಅದ್ದಿದ ಬ್ರಷ್ ಎಲ್ಲ ಬಣ್ಣಕ್ಕೂ ಅದೇ ಕೆಸರನ್ನು ಹಂಚುತ್ತದೆ, ಎರಡು ಡಬ್ಬಿ ಇಟ್ಟುಕೊಳ್ಳಿ.

ಕಲ್ಲುಮೆಟ್ಟಿಲಿಗೆ ಬಿಳಿ, ಅಲ್ಟ್ರಾಮರೀನ್, ಸಿಯೆನಾ ಸೇರಿಸಿ ಬೂದು ಮಾಡಿ, ಬಿಸಿಲಿಗೆ ಓಕರ್ ಸ್ವಲ್ಪ. ಒದ್ದೆ ಕಲ್ಲು ಅದೇ ಬಣ್ಣ, ಎರಡು ಹಂತ ಗಾಢ, ಜೊತೆಗೆ ಆಕಾಶದ ಒಂದೆರಡು ಹೊಳಪು. ಬಿಳಿ ಬಟ್ಟೆಯಲ್ಲೇ ಹೆಚ್ಚು ಜನ ಸೋಲುವುದು. ನೆರಳಿನಲ್ಲಿರುವ ಬಿಳಿ ಪಂಚೆ ಬಿಸಿಲಿನ ಬೂದು ಕಲ್ಲಿಗಿಂತ ಗಾಢ, ನಂಬಿಕೆಯಾಗದಿದ್ದರೆ ಕಾಗದದಲ್ಲಿ ತೂತು ಮಾಡಿ ಎರಡನ್ನೂ ಬೇರೆಬೇರೆಯಾಗಿ ನೋಡಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ತೈಲಚಿತ್ರಗಳಿವೆ. ಒಂದು ಮಧ್ಯಾಹ್ನ ಹೋಗಿ, ಬಟ್ಟೆಯ ಮಡಿಕೆಗಳಲ್ಲಿ ಅಪ್ಪಟ ಬಿಳಿ ಎಷ್ಟು ಜಾಗದಲ್ಲಿದೆ ಎಂದು ಮಾತ್ರ ನೋಡಿಕೊಂಡು ಬನ್ನಿ. ಪ್ಲಾಸ್ಟಿಕ್ ಬಕೆಟ್ಟಿನ ಕೆಂಪು, ಟಾರ್ಪಾಲಿನ ನೀಲಿ, ಚೆಂಡುಹೂವಿನ ಹಳದಿ ಇವನ್ನು ಟ್ಯೂಬಿನಿಂದ ಬಂದ ಹಾಗೇ, ಸಾಸಿವೆಯಷ್ಟು. ಮಿಕ್ಕದ್ದೆಲ್ಲ ಬೂದಾಗಿದ್ದರೆ ಅಷ್ಟೇ ಉರಿಯುತ್ತದೆ.

ಘಟ್ಟದ ನಡವಳಿಕೆ. ಅಪರಕರ್ಮಕ್ಕೆ ಬಂದವರ ಎದುರು ಈಸೆಲ್ ತಿರುಗಿಸಿ ಕೂರಬೇಡಿ. ದೂರದ ಆಕೃತಿಗಳಾಗಿ ಬಂದರೆ ಸರಿ, ಮುಖ ಗುರುತು ಸಿಗುವಂತೆ ಬೇಡ. ಸ್ನಾನ ಮಾಡುವ ಹೆಂಗಸರ ಕಡೆ ಫೋನ್ ಎತ್ತಲೇಬೇಡಿ. ತೆಪ್ಪದವರನ್ನು ‘ಅಣ್ಣ, ಇಲ್ಲಿ ಕೂತ್ರೆ ಅಡ್ಡ ಆಗುತ್ತಾ?’ ಎಂದು ಮೊದಲೇ ಕೇಳಿಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ತೆಪ್ಪ ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಎಂದೂ ಅವರೇ ಹೇಳುತ್ತಾರೆ. ನೀರಂಚಿನ ನಾಲ್ಕು ಮೆಟ್ಟಿಲು ಬಿಟ್ಟು ಮೇಲೆ ಕೂರಿ. ಪಾಚಿ ಜಾರುತ್ತದೆ ಎಂಬುದು ಒಂದು, ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ ಎಂಬುದು ಇನ್ನೊಂದು. ಜುಲೈ–ಆಗಸ್ಟಿನಲ್ಲಿ ಹೊರಡುವ ಮುನ್ನ ಹೊರಹರಿವಿನ ಸುದ್ದಿ ನೋಡಿಕೊಳ್ಳಿ.

ಟರ್ಪೆಂಟೈನ್ ಒಂದು ಹನಿಯೂ ಹೊಳೆಗೆ ಬೀಳಬಾರದು. ಡಬ್ಬಿ ಮುಚ್ಚಿ ಮನೆಗೆ ತಂದು ಎರಡು ದಿನ ಬಿಡಿ, ಕೆಸರು ತಳ ಸೇರುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು. ಲಿನ್ಸೀಡ್ ಎಣ್ಣೆ ಹೀರಿದ ಬಟ್ಟೆಯನ್ನು ಉಂಡೆ ಮಾಡಿ ಸ್ಕೂಟರ್ ಡಿಕ್ಕಿಯಲ್ಲಿ ಬಿಡಲೇಬೇಡಿ. ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಂದಿಗೆ ಕೂಡುವುದು, ಆಗ ಶಾಖ ಹುಟ್ಟುತ್ತದೆ. ಉಂಡೆಯೊಳಗಿನ ಶಾಖ ಹೊರಗೆ ಹೋಗಲಾಗದೆ ತಾನಾಗಿ ಹೊತ್ತಿಕೊಳ್ಳಬಹುದು. ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ತನ್ನಿ, ಇಲ್ಲವೇ ಹರಡಿ ಒಣಗಿಸಿ.

ಹಸಿ ಹಲಗೆ ಎರಡಿದ್ದರೆ ಮುಖಾಮುಖಿ ಇಟ್ಟು, ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ಚೂರು ಸಿಕ್ಕಿಸಿ, ರಬ್ಬರ್ ಬ್ಯಾಂಡ್ ಬಿಗಿಯಿರಿ. ಒಂದೇ ಇದ್ದರೆ ಪಿಜ್ಜಾ ಡಬ್ಬಿ ಸಾಕು. ಮಂಡ್ಯದ ಬಸ್ಸಿನ ನೂಕುನುಗ್ಗಲನ್ನೂ ತಡೆಯುತ್ತದೆ. ಮಣ್ಣುಬಣ್ಣಗಳು ಎರಡು ಮೂರು ದಿನಕ್ಕೆ ಮುಟ್ಟಲು ಒಣಗುತ್ತವೆ, ಬಿಳಿ ಮತ್ತು ಕ್ರಿಮ್ಸನ್‌ಗೆ ವಾರ ಮೀರಬಹುದು, ಮಳೆಗಾಲದಲ್ಲಿ ಇನ್ನೂ ತಡ. ದಪ್ಪ ಬಣ್ಣವಿದ್ದ ಚಿತ್ರಕ್ಕೆ ವಾರ್ನಿಶ್ ಆರು ತಿಂಗಳಿಂದ ವರ್ಷದ ಮೇಲೆ. ಮನೆಯಲ್ಲಿ ತಿದ್ದುವುದಾದರೆ ಹತ್ತೇ ನಿಮಿಷ, ಅದೂ ಅಂಚುಗಳನ್ನು ಮಾತ್ರ. ನೀರನ್ನು ಮತ್ತೆ ಮುಟ್ಟಬೇಡಿ.

ಮಲ್ಪೆಗೆ ಹೋಗುವ ಮೊದಲು ಸ್ನಾನಘಟ್ಟದಲ್ಲಿ ಹತ್ತು ಹಲಗೆ ಮುಗಿಸಿ. ಕ್ರಮವೆಲ್ಲ ಇದೇ, ಮೂರು ವ್ಯತ್ಯಾಸ. ಅಲ್ಲಿ ಉಬ್ಬರ-ಇಳಿತವಿದೆ. ನೀರು ಸುಮಾರು ಆರು ಗಂಟೆ ಏರಿ, ಮತ್ತಾರು ಗಂಟೆ ಇಳಿಯುವುದರಿಂದ ಎರಡು ಗಂಟೆಯಲ್ಲಿ ದೋಣಿಯ ಅಂಚಿಗೂ ದಕ್ಕೆಯ (ದೋಣಿ ಕಟ್ಟುವ ಕಟ್ಟೆಯ) ಅಂಚಿಗೂ ಇರುವ ಅಂತರ ಬದಲಾಗಿರುತ್ತದೆ. ದೋಣಿಯ ಎತ್ತರವನ್ನು ಮೊದಲ ಹತ್ತು ನಿಮಿಷದಲ್ಲಿ ಗುರುತಿಸಿ, ಮತ್ತೆ ಬದಲಿಸಬೇಡಿ. ಎರಡನೆಯದು, ಬೆಳಗಿನ ಸೂರ್ಯ ನೆಲದ ಕಡೆಯಿಂದ ಬರುತ್ತಾನೆ, ಸಂಜೆಯವನು ಸಮುದ್ರದ ಕಡೆಯಿಂದ. ಬೆಳಿಗ್ಗೆ ದೋಣಿಗಳ ಬಣ್ಣ ಬರೆಯಿರಿ, ಸಂಜೆ ಅವುಗಳ ಕಪ್ಪು ಆಕಾರ ಬರೆಯಿರಿ. ಮೂರನೆಯದು, ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಆಗ ಹೋದರೆ ದೋಣಿಗಳೆಲ್ಲ ಒತ್ತೊತ್ತಾಗಿ ಕಟ್ಟಿಹಾಕಿರುತ್ತವೆ. ಗಿಜಿಗಿಜಿ ಬೇಕಿದ್ದರೆ ನವೆಂಬರಿನಿಂದ ಫೆಬ್ರುವರಿಯೊಳಗೆ, ಮೀನು ಇಳಿಸುವ ಬೆಳಗಿನ ಹೊತ್ತಿಗೆ, ತಳ್ಳುಗಾಡಿಗಳ ದಾರಿ ಬಿಟ್ಟು ಕೂರಿ. ಮಂಜುಗಡ್ಡೆಯ ನೀರು, ಮೀನಿನ ನೀರು ಹರಿಯುವ ನೆಲ ಅದು, ಈಸೆಲ್ ಕಾಲುಗಳಿಗೆ ರಬ್ಬರ್ ಬುಡ ಹಾಕಿಸಿಕೊಂಡು ಹೋಗಿ.